ಮಾಗಡಿ ರಸ್ತೆಗೆ ಮೆಟ್ರೋನೂ ಬರುತ್ತೆ, ಮೇಲ್ಸೇತುವೆನೂ ಬರುತ್ತೆ: ನೆಲದ ರಸ್ತೆಗೆ ನಾವು ಏನು ಕೇಳಬೇಕು?

ಹೇರೋಹಳ್ಳಿ_ನಿವಾಸಿ

ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆ ಸಂಘದಿಂದ ಒಂದು ಮನವಿ ಬರೆಯುತ್ತಿದ್ದೇವೆ, ಅದಕ್ಕೆ ನಿಮ್ಮೆಲ್ಲರ ಸಲಹೆ ಬೇಕು.

ವಿಷಯ ನಿಮಗೂ ಗೊತ್ತಿರುವುದೇ. ಬೆಂಗಳೂರು ಮೆಟ್ರೋದ ಮೂರನೇ ಹಂತಕ್ಕೆ ಕೇಂದ್ರ ಸಂಪುಟ 2024ರ ಆಗಸ್ಟ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಎರಡು ಮಾರ್ಗ ಸೇರಿ 44.65 ಕಿ.ಮೀ. ನಮ್ಮ ಪಾಲಿಗೆ ಬರುವುದು ಹೊಸಹಳ್ಳಿಯಿಂದ ಕಡಬಗೆರೆವರೆಗಿನ 12.5 ಕಿ.ಮೀ., 9 ನಿಲ್ದಾಣ. ಕಾಮಾಕ್ಷಿಪಾಳ್ಯ, ಸುಮನಹಳ್ಳಿ, ಸುಂಕದಕಟ್ಟೆ, ಹೇರೋಹಳ್ಳಿ, ಬ್ಯಾಡರಹಳ್ಳಿ ಎಲ್ಲಾ ಇದರಲ್ಲಿ ಬರುತ್ತವೆ. ಇದರ ಜೊತೆಗೆ ಅದೇ ಪಿಲ್ಲರ್ ಮೇಲೆ ವಾಹನಗಳಿಗೆ ಒಂದು ಮೇಲ್ಸೇತುವೆ, ಅಂದರೆ ಡಬಲ್ ಡೆಕರ್, ಮಾಡುವುದು ರಾಜ್ಯ ಸರ್ಕಾರದ ಯೋಜನೆ.

ಮೆಟ್ರೋ ಬರಲಿ, ಬೇಗ ಬರಲಿ, ಅದರಲ್ಲಿ ಎರಡು ಮಾತಿಲ್ಲ. ನನ್ನ ಚಿಂತೆ ಬೇರೆ. ಎಲ್ಲರೂ ಮೇಲಿನ ಎರಡು ಅಂತಸ್ತಿನ ಬಗ್ಗೆ ಮಾತಾಡುತ್ತಿದ್ದಾರೆ. ಕೆಳಗಿನ ರಸ್ತೆ ಬಗ್ಗೆ ಯಾರೂ ಬಾಯಿ ಬಿಡುತ್ತಿಲ್ಲ. ನಾವು ತರಕಾರಿ ತರುವುದು, ಮಕ್ಕಳನ್ನು ಶಾಲೆಗೆ ಬಿಡುವುದು, ಬಸ್ ಹತ್ತುವುದು ಎಲ್ಲಾ ಅಲ್ಲೇ ಅಲ್ವಾ? ಪಿಲ್ಲರ್ ಎಲ್ಲಿ ಬರುತ್ತೆ, ಮೇಲ್ಸೇತುವೆಯ ಇಳಿಜಾರು, ಅಂದರೆ ರ್ಯಾಂಪ್, ಎಲ್ಲಿ ಇಳಿಯುತ್ತೆ, ನಿಲ್ದಾಣದ ಮೆಟ್ಟಿಲು ಯಾವ ಜಾಗ ತಿನ್ನುತ್ತೆ ಅನ್ನುವುದು ನಕ್ಷೆಯಲ್ಲೇ ತೀರ್ಮಾನ ಆಗಿಬಿಡುತ್ತೆ. ಕಾಂಕ್ರೀಟ್ ಬಿದ್ದ ಮೇಲೆ ಫುಟ್‌ಪಾತ್ ಕೊಡಿ ಅಂದರೆ ಜಾಗ ಎಲ್ಲಿದೆ ಅಂತಾರೆ. ಅದಕ್ಕೇ ಈಗಲೇ ಕೇಳಬೇಕು. ಏನೇನು ಕೇಳಬೇಕು, ಯಾವ ಜಾಗದಲ್ಲಿ ಕೇಳಬೇಕು, ಹೇಳಿ.

---

ಕಾರು_ಬೈಕು_ಎರಡೂ

ಸರ್, ಡಬಲ್ ಡೆಕರ್ ಬೇಡ ಅಂತ ಮಾತ್ರ ಬರೆಯಬೇಡಿ. ರಾಗಿಗುಡ್ಡದಿಂದ ಸಿಲ್ಕ್ ಬೋರ್ಡ್‌ವರೆಗಿನದು 2024ರ ಜುಲೈನಲ್ಲಿ ಒಂದು ಬದಿ ತೆರೆದರು. ಆ ಕಡೆ ಓಡಾಡುವವರನ್ನು ಕೇಳಿ ನೋಡಿ, ಸಿಗ್ನಲ್ ಇಲ್ಲದೆ ಮೂರು ಕಿಲೋಮೀಟರ್ ಸಲೀಸಾಗಿ ದಾಟುತ್ತಾರೆ. ಮೆಟ್ರೋಗೆ ಹೇಗೂ ಅಗೆಯಲೇಬೇಕು. ಒಂದೇ ಸಲ ಎರಡು ಕೆಲಸ ಮುಗಿದರೆ ನಮಗೇ ಒಳ್ಳೆಯದು. ಈಗ ಬೇಡ ಅಂದು ಹತ್ತು ವರ್ಷದ ಮೇಲೆ ಬೇಕು ಅಂದರೆ ಮತ್ತೆ ಅದೇ ಧೂಳು, ಅದೇ ಬ್ಯಾರಿಕೇಡ್. ಕಡಬಗೆರೆವರೆಗೂ ಮೇಲ್ಸೇತುವೆ ಆಗಿಬಿಟ್ಟರೆ ನಮ್ಮ ತಲೆನೋವೇ ಹೋಗುತ್ತೆ.

---

ಸಿವಿಲ್_ಸೈಟ್

ಕಡಬಗೆರೆವರೆಗೂ ಇಲ್ಲ ಗುರು. ಮೆಟ್ರೋ 12.5 ಕಿ.ಮೀ. ಇದ್ದರೂ ನಮ್ಮ ಮಾರ್ಗದಲ್ಲಿ ರಸ್ತೆಯ ಅಂತಸ್ತು ಸುಮಾರು ಎಂಟೂವರೆ ಕಿ.ಮೀ. ಮಾತ್ರ. ಉಳಿದ ಉದ್ದದಲ್ಲಿ ಎಲ್ಲರೂ ನೆಲಕ್ಕೇ ಇಳಿಯಬೇಕು. ಇಳಿಯುವ ಜಾಗದಲ್ಲಿ ಏನಾಗುತ್ತೆ ಅನ್ನುವುದೇ ಪ್ರಶ್ನೆ.

---

ಗಾರ್ಮೆಂಟ್ಸ್_ಅಕ್ಕ

ನಾನು ಸುಂಕದಕಟ್ಟೆಯಿಂದ ಪೀಣ್ಯ ಕಡೆ ಫ್ಯಾಕ್ಟರಿಗೆ ಹೋಗುವವಳು. ನಮ್ಮ ಲೈನಿನಲ್ಲಿ ಕೆಲಸ ಮಾಡುವವರೆಲ್ಲಾ ಸುಂಕದಕಟ್ಟೆ, ಅಂದ್ರಹಳ್ಳಿ, ಗೊಲ್ಲರಹಟ್ಟಿಯ ಹೆಂಗಸರೇ.

ಬೆಳಗ್ಗೆ ಬಸ್ ಸ್ಟಾಪಿಗೆ ಒಂದು ಸಲ ಬಂದು ನೋಡಿ. ಶೆಲ್ಟರ್ ಹೆಸರಿಗೆ ಇದೆ, ಅದರ ಮುಂದೆ ಬೈಕ್ ನಿಲ್ಲಿಸಿರುತ್ತಾರೆ. ನಾವು ಮೋರಿ ಚಪ್ಪಡಿ ಮೇಲೆ ನಿಲ್ಲುತ್ತೇವೆ. ಒಂದು ಚಪ್ಪಡಿ ಅಲ್ಲಾಡುತ್ತೆ, ಇನ್ನೊಂದು ಒಡೆದು ಕಂಬಿ ಹೊರಗೆ ಬಂದಿದೆ. ಬಸ್ ಬಂದರೆ ಅಂಚಿಗೆ ಬರಲ್ಲ, ಬರೋಕೆ ಜಾಗವೂ ಇಲ್ಲ, ರಸ್ತೆ ಮಧ್ಯೆ ನಿಲ್ಲುತ್ತೆ. ನಾವು ಚಪ್ಪಡಿಯಿಂದ ಇಳಿದು ಓಡಬೇಕು. ಆ ಬಸ್ಸಿಗೂ ನಮಗೂ ನಡುವೆ ಇರುವ ಸಂದಿಯಲ್ಲಿ ಬೈಕಿನವರು ನುಗ್ಗುತ್ತಾರೆ. ಕಳೆದ ಮಳೆಗಾಲದಲ್ಲಿ ನನ್ನ ಪಕ್ಕದಲ್ಲೇ ಒಬ್ಬ ಹುಡುಗಿಯ ಕಾಲ ಮೇಲೆ ಹ್ಯಾಂಡಲ್ ಬಿದ್ದು ಊಟದ ಡಬ್ಬಿ ಚರಂಡಿಗೆ ಹೋಯಿತು. ಅವಳು ಅಳುತ್ತಲೇ ಬಸ್ ಹತ್ತಿದಳು. ಲೇಟಾದರೆ ಅರ್ಧ ದಿನದ ಸಂಬಳ ಹೋಗುತ್ತಲ್ಲಾ.

ಇನ್ನೊಂದು ಮಾತು. 2023ರ ಜೂನ್‌ನಿಂದ ಬಸ್ಸಿನಲ್ಲಿ ನಮಗೆ ಟಿಕೆಟ್ ಇಲ್ಲ. ಮೆಟ್ರೋದಲ್ಲಿ ಶಕ್ತಿ ಯೋಜನೆ ಇಲ್ಲ. ಮೆಟ್ರೋ ಬಂದರೂ ನಮ್ಮಲ್ಲಿ ಮುಕ್ಕಾಲು ಜನ ಬಸ್ಸಿಗೇ ಹೋಗುವುದು. ಆದ್ದರಿಂದ ಕೆಳಗಿನ ರಸ್ತೆಯಲ್ಲಿ ಬಸ್ ನಿಲ್ಲುವ ಜಾಗ ಇರಲೇಬೇಕು. ಇದನ್ನು ಮೊದಲು ಬರೆಯಿರಿ ಅಣ್ಣ.

---

ಹೇರೋಹಳ್ಳಿ_ನಿವಾಸಿ

ಅಕ್ಕ, ಮೊದಲನೇ ಸಾಲಿಗೇ ಹಾಕುತ್ತೇನೆ. ಪೀಣ್ಯಕ್ಕೆ ಹೋಗುವ ಶಿಫ್ಟ್ ಬಸ್ ಯಾವ್ಯಾವ ಸ್ಟಾಪಿನಲ್ಲಿ ಜಾಸ್ತಿ ಜನ ಹತ್ತಿಸಿಕೊಳ್ಳುತ್ತೆ ಅಂತ ಗೊತ್ತಿದ್ದರೆ ಹೇಳಿ, ಬಸ್ ಬೇ, ಅಂದರೆ ಬಸ್ ಪಕ್ಕಕ್ಕೆ ಸರಿದು ನಿಲ್ಲುವ ಜಾಗ, ಅಲ್ಲೇ ಕೇಳೋಣ.

---

ಬ್ಯಾಡರಹಳ್ಳಿ_72

ಅಕ್ಕ ಹೇಳಿದ್ದು ನೂರಕ್ಕೆ ನೂರು ಸತ್ಯ.

---

ಮಾಗಡಿ_ಕಡೆಯವ

ನೀವೆಲ್ಲಾ ಸಿಟಿಯೊಳಗೆ ಇದ್ದುಕೊಂಡು ಮಾತಾಡುತ್ತೀರಿ, ಬೇಜಾರಿಲ್ಲ. ಆದರೆ ಈ ರಸ್ತೆ ನಿಮ್ಮ ಬಡಾವಣೆಯ ಒಳರಸ್ತೆ ಅಲ್ಲ. ಮಾಗಡಿ, ತಾವರೆಕೆರೆ, ಕುಣಿಗಲ್ ಕಡೆಯಿಂದ ಬರುವವರಿಗೆ ಇದೇ ಹೆದ್ದಾರಿ. ಹಾಲಿನ ಗಾಡಿ, ತರಕಾರಿ ಟೆಂಪೋ, ಕಾಲೇಜು ಮಕ್ಕಳ ಬಸ್ಸು ಎಲ್ಲಾ ಇದರಲ್ಲೇ. ಮಾಗಡಿಯಿಂದ ನೈಸ್ ಟೋಲ್ ರಸ್ತೆಯ ಜಂಕ್ಷನ್‌ವರೆಗೆ ಹೇಗೋ ಬರುತ್ತೇವೆ, ಅಲ್ಲಿಂದ ಮುಂದೆ ತೆವಳಬೇಕು. ನಮ್ಮ ಊರಿನ ಒಬ್ಬ ಹಿರಿಯರನ್ನು ಎದೆನೋವು ಅಂತ ಆಸ್ಪತ್ರೆಗೆ ಕರೆತರುವಾಗ ಆಂಬುಲೆನ್ಸ್ ಸುಂಕದಕಟ್ಟೆಯಲ್ಲಿ ಸಿಕ್ಕಿಹಾಕಿಕೊಂಡಿತ್ತು. ಆ ಹೊತ್ತಿನಲ್ಲಿ ನಾವು ಪಟ್ಟ ಪಾಡು ಯಾರಿಗೂ ಬೇಡ.

ಹಾಗಾಗಿ ಮೇಲ್ಸೇತುವೆ ಬೇಕೇ ಬೇಕು. ದೂರದಿಂದ ಬರುವ ಗಾಡಿ ಮೇಲೆ ಹೋದರೆ ಕೆಳಗೆ ನಿಮಗೇ ಜಾಗ ಸಿಗುತ್ತೆ.

---

ರಿಂಗ್‌ರೋಡ್_ಹಳಬ

ಮೇಲೆ ಹೋದ ಗಾಡಿ ಎಲ್ಲಾದರೂ ಇಳಿಯಲೇಬೇಕಲ್ಲಾ ಸ್ವಾಮಿ. ಹೊಸೂರು ರಸ್ತೆಯ ಎಲಿವೇಟೆಡ್ ನೋಡಿ. 2010ರಲ್ಲಿ ಸುಮಾರು 10 ಕಿ.ಮೀ. ಕಟ್ಟಿ ತೆರೆದರು, ಟೋಲ್ ಬೇರೆ. ಎಲೆಕ್ಟ್ರಾನಿಕ್ ಸಿಟಿಯಿಂದ ಮೇಲೆ ಹಾರಿಕೊಂಡು ಬಂದವರು ಸಿಲ್ಕ್ ಬೋರ್ಡ್‌ನಲ್ಲಿ ಬಂದು ನಿಂತರು. ಸಿಲ್ಕ್ ಬೋರ್ಡ್ ಅಂದರೆ ದೇಶಕ್ಕೆಲ್ಲಾ ಗೊತ್ತಾಗುವ ಹಾಗಾಯಿತು.

ನಮ್ಮ ಮೇಲ್ಸೇತುವೆಯ ಗಾಡಿಗಳು ನಗರದ ಕಡೆ ಎಲ್ಲಿ ಇಳಿಯುತ್ತವೆ ಅಂತ ಯೋಚಿಸಿ. ಟೋಲ್‌ಗೇಟ್, ವಿಜಯನಗರ, ಮಾಗಡಿ ರೋಡ್ ಹಳೇ ಭಾಗ. ಅಲ್ಲಿ ರಸ್ತೆ ಅಗಲವಾಗುತ್ತಾ? ಮನೆ, ಅಂಗಡಿ ಒತ್ತೊತ್ತಾಗಿ ನಿಂತಿವೆ.

---

ಕಾರು_ಬೈಕು_ಎರಡೂ

ಹಾಗಂತ ಏನೂ ಕಟ್ಟದೆ ಸುಮ್ನೆ ಕೂರೋದಾ? ಎಲ್ಲದಕ್ಕೂ ಸಿಲ್ಕ್ ಬೋರ್ಡ್ ಉದಾಹರಣೆ ಕೊಟ್ಟರೆ ಈ ಊರಿನಲ್ಲಿ ಒಂದು ಇಟ್ಟಿಗೆಯೂ ಮೇಲೇಳಲ್ಲ.

---

ರಿಂಗ್‌ರೋಡ್_ಹಳಬ

ಕಟ್ಟಬೇಡಿ ಅಂತ ನಾನು ಹೇಳಲೇ ಇಲ್ಲ. ಮೆಟ್ರೋ ಕಟ್ಟಿ, ಬಸ್ಸಿಗೆ ಜಾಗ ಕೊಡಿ ಅಂತಿದ್ದೇನೆ. ಹೊರವರ್ತುಲ ರಸ್ತೆಯಲ್ಲಿ 2019ರ ನವೆಂಬರ್‌ನಲ್ಲಿ ಬಸ್ಸಿಗೇ ಅಂತ ಲೇನ್ ಬಿಟ್ಟಿದ್ದರು, ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರದವರೆಗೆ. ನಾನು ಆಗ ಆ ದಾರಿಯಲ್ಲಿ ದಿನಾ ಓಡಾಡುತ್ತಿದ್ದೆ. ಪಕ್ಕದಲ್ಲಿ ಕಾರುಗಳು ನಿಂತಿರುತ್ತಿದ್ದವು, ನಮ್ಮ ಬಸ್ ಹೋಗುತ್ತಿತ್ತು. ಕಾರಿನಲ್ಲಿ ಬರುತ್ತಿದ್ದ ನಮ್ಮ ಆಫೀಸಿನವರು ಕೆಲವರು ಬಸ್ಸಿಗೆ ಬಂದರು. ಆಮೇಲೆ ಮೆಟ್ರೋ ಕಾಮಗಾರಿಗೆ ಆ ಲೇನ್ ತೆಗೆದರು. ಖರ್ಚು ನೋಡಿದರೆ ಮೇಲ್ಸೇತುವೆಯ ಮುಂದೆ ಅದು ಏನೇನೂ ಅಲ್ಲ.

---

ಸಿವಿಲ್_ಸೈಟ್

ನಾನು ಮೇಲ್ಸೇತುವೆ ಕೆಲಸದಲ್ಲೇ ಇರುವವನು, ಬೇರೆ ಊರಿನಲ್ಲಿ. ಪರವೋ ವಿರೋಧವೋ ಅನ್ನುವುದನ್ನು ಪಕ್ಕಕ್ಕಿಡಿ. ನಕ್ಷೆ ಕೈಗೆ ಸಿಕ್ಕಿದರೆ ಏನು ನೋಡಬೇಕು ಅಂತ ಹೇಳುತ್ತೇನೆ.

ಮೊದಲು ರ್ಯಾಂಪ್. ಮೇಲ್ಸೇತುವೆ ಇಳಿಯುವ ಕಡೆ ನೆಲದ ರಸ್ತೆ ಎರಡೂ ಬದಿಯಲ್ಲಿ ಕಿರಿದಾಗುತ್ತೆ. ರ್ಯಾಂಪ್ ಅಂದರೆ ಗೋಡೆ. ಅದರ ಉದ್ದಕ್ಕೂ ಆ ಕಡೆಯವರು ಈ ಕಡೆಗೆ ಬರೋಕೆ ಆಗಲ್ಲ. ಶಾಲೆ, ಬಸ್ ಸ್ಟಾಪ್, ಮಾರ್ಕೆಟ್ ಎದುರಿಗೆ ರ್ಯಾಂಪ್ ಇಳಿಸಬೇಡಿ ಅಂತ ಜಾಗದ ಹೆಸರು ಬರೆದೇ ಕೇಳಿ. 'ಸಾರ್ವಜನಿಕರಿಗೆ ತೊಂದರೆ ಆಗದಂತೆ' ಅಂತ ಬರೆದರೆ ಅದನ್ನು ಯಾರೂ ಓದಲ್ಲ.

ಎರಡನೆಯದು ನಿಲ್ದಾಣದ ಎತ್ತರ. ರಾಗಿಗುಡ್ಡದ ಕಡೆ ರಸ್ತೆಯ ಅಂತಸ್ತು ನೆಲದಿಂದ ಸುಮಾರು 8 ಮೀಟರ್, ಮೆಟ್ರೋ ಸುಮಾರು 16 ಮೀಟರ್. ಅಂದರೆ ಮಾಮೂಲಿ ನಿಲ್ದಾಣಕ್ಕಿಂತ ಇನ್ನೂ ಮೇಲೆ ಹತ್ತಬೇಕು. ವಯಸ್ಸಾದವರು, ಮಂಡಿನೋವಿನವರು, ಮಗು ಎತ್ತಿಕೊಂಡವರು ಹೇಗೆ ಹತ್ತುತ್ತಾರೆ? ರಸ್ತೆಯ ಎರಡೂ ಬದಿಗೆ ಲಿಫ್ಟ್, ಎಸ್ಕಲೇಟರ್ ಬೇಕು. ಒಂದೇ ಬದಿಗೆ ಲಿಫ್ಟ್ ಕೊಟ್ಟರೆ ಇನ್ನೊಂದು ಬದಿಯವರು ರಸ್ತೆ ದಾಟಿ ಲಿಫ್ಟಿಗೆ ಬರಬೇಕಾಗುತ್ತೆ.

ಮೂರನೆಯದು ಮೆಟ್ಟಿಲು. ಎಷ್ಟೋ ಕಡೆ ನಿಲ್ದಾಣದ ಮೆಟ್ಟಿಲನ್ನು ಫುಟ್‌ಪಾತ್ ಮೇಲೇ ಇಳಿಸುತ್ತಾರೆ. ನಡೆಯುವವರು ಮೆಟ್ಟಿಲು ಸುತ್ತಿಕೊಂಡು ರಸ್ತೆಗೆ ಇಳಿಯಬೇಕು. ಮೆಟ್ಟಿಲಿಗೆ ಪಕ್ಕದ ಸೈಟು ಸ್ವಾಧೀನ ಮಾಡಿಕೊಳ್ಳಿ, ಫುಟ್‌ಪಾತ್ ಬಿಡಿ ಅಂತ ಕೇಳಿ. ಜಾಗ ಸ್ವಾಧೀನದ ಹೊತ್ತಿನಲ್ಲಿ ಕೇಳಿದರೆ ಆಗುತ್ತೆ, ಆಮೇಲೆ ಆಗಲ್ಲ.

ಇನ್ನು ಪೈಪು, ಕೇಬಲ್. ಪಿಲ್ಲರ್ ಹಾಕೋಕೆ ಮುಂಚೆ ನೀರು, ಒಳಚರಂಡಿ, ಕರೆಂಟು ಎಲ್ಲಾ ಜಾಗ ಬದಲಾಯಿಸುತ್ತಾರೆ. ಆಗಲೇ ಫುಟ್‌ಪಾತ್ ಕೆಳಗೆ ಡಕ್ಟ್, ಅಂದರೆ ಪೈಪು, ಕೇಬಲ್ ಹಾಯುವ ಕೊಳವೆ, ಹಾಕಿಸಿ. ರೆಸಿಡೆನ್ಸಿ ರಸ್ತೆಯಲ್ಲಿ ಟೆಂಡರ್‌ಶ್ಯೂರ್ ಅಂತ ಮಾಡಿದ್ದು ಅದೇ. ಅಲ್ಲಿ ಫುಟ್‌ಪಾತ್ ಮೇಲೆ ಇವತ್ತಿಗೂ ಆರಾಮಾಗಿ ನಡೆಯಬಹುದು.

---

ಮನೆ_ಮುಂದೆ_ಮೋರಿ

ಡಕ್ಟ್ ವಿಷಯ ಬಹಳ ಮುಖ್ಯ. ಕಾವೇರಿ ನೀರಿನ 5ನೇ ಹಂತಕ್ಕೆ, ಒಳಚರಂಡಿಗೆ ಅಂತ 110 ಹಳ್ಳಿಗಳ ರಸ್ತೆಗಳನ್ನು ಎಷ್ಟು ಸಲ ಅಗೆದರು ಅಂತ ಎಲ್ಲರಿಗೂ ಗೊತ್ತು. ನೀರು ಬಂತು, ಖುಷಿ. ಆದರೆ ಒಂದು ಅಗೆತ ಮುಚ್ಚುವಷ್ಟರಲ್ಲಿ ಇನ್ನೊಂದು ಇಲಾಖೆಯವರು ಬರುತ್ತಿದ್ದರು.

---

ಸುಂಕದಕಟ್ಟೆ_ಸ್ಟೋರ್ಸ್

ನಾನು ಬಾಡಿಗೆ ಅಂಗಡಿಯವನು. ಯಾರೂ ನಮ್ಮ ವಿಷಯ ಎತ್ತಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಜಾಗ ಹೋದರೆ ಮಾಲೀಕರಿಗೆ ಪರಿಹಾರ ಅಂತ ಒಂದು ಬರುತ್ತೆ. ನಾನು ಮುಂಗಡ ಕೊಟ್ಟು, ಶೆಲ್ಫು, ಫ್ರಿಜ್ಜು ಹಾಕಿ ಈ ಮೂಲೆಯಲ್ಲಿ ಗಿರಾಕಿ ಕಟ್ಟಿಕೊಂಡವನು. ಎದುರಿಗೆ ಬ್ಯಾರಿಕೇಡ್ ಬಿದ್ದರೆ ಅಂಗಡಿಗೆ ಬರೋಕೆ ದಾರಿಯೇ ಇರಲ್ಲ. ಮೂರು ನಾಲ್ಕು ವರ್ಷ ಕೆಲಸ ನಡೆದರೆ ಬಾಡಿಗೆ ಎಲ್ಲಿಂದ ಕಟ್ಟಲಿ?

ಮನವಿಯಲ್ಲಿ ಇದನ್ನೂ ಸೇರಿಸಿ. ಬ್ಯಾರಿಕೇಡ್ ಹಾಕಿದರೂ ಅಂಗಡಿ ಸಾಲಿನ ಮುಂದೆ ಜನ ನಡೆಯುವಷ್ಟು ದಾರಿ ಬಿಡಬೇಕು, ರಾತ್ರಿ ಅಲ್ಲಿ ದೀಪ ಇರಬೇಕು. ಕೆಲಸ ಮುಗಿದ ತುಂಡಿನಲ್ಲಿ ಬ್ಯಾರಿಕೇಡ್ ತಕ್ಷಣ ತೆಗೆಯಬೇಕು, ಎಲ್ಲಾ ಮುಗಿಯೋವರೆಗೂ ಕಾಯಬಾರದು.

---

ಹೇರೋಹಳ್ಳಿ_ನಿವಾಸಿ

ಖಂಡಿತ ಸೇರಿಸುತ್ತೇನೆ ಸರ್. ನಿಮ್ಮ ಸಾಲಿನ ಅಂಗಡಿಯವರೆಲ್ಲಾ ಸಹಿ ಹಾಕಿದರೆ ಮನವಿಗೆ ತೂಕ ಬರುತ್ತೆ.

---

ಕೆಂಪೇಗೌಡ_ಲೇಔಟ್_ಸೈಟುದಾರ

ನೀವೆಲ್ಲಾ ಉದ್ದದ ರಸ್ತೆ ಬಗ್ಗೆ ಮಾತಾಡುತ್ತಿದ್ದೀರಿ. ಅಡ್ಡದ ರಸ್ತೆ ಬಗ್ಗೆಯೂ ಸ್ವಲ್ಪ ಯೋಚಿಸಿ. ಮೈಸೂರು ರಸ್ತೆಗೂ ಮಾಗಡಿ ರಸ್ತೆಗೂ ನಡುವೆ ನಾಡಪ್ರಭು ಕೆಂಪೇಗೌಡ ಬಡಾವಣೆಯೊಳಗೆ 100 ಮೀಟರ್ ಅಗಲದ, 10.75 ಕಿ.ಮೀ. ಉದ್ದದ ಮುಖ್ಯ ರಸ್ತೆ ಯೋಜನೆಯಲ್ಲಿದೆ. ಚಲ್ಲಘಟ್ಟದಲ್ಲಿ ನೇರಳೆ ಮಾರ್ಗದ ಮೆಟ್ರೋ 2023ರ ಅಕ್ಟೋಬರ್‌ನಿಂದಲೇ ಓಡುತ್ತಿದೆ. ಮಾಗಡಿ ರಸ್ತೆಯಿಂದ ಚಲ್ಲಘಟ್ಟಕ್ಕೆ ಈ ರಸ್ತೆ ಮುಗಿಸಿ, ಮೆಟ್ರೋ ನಿಲ್ದಾಣಕ್ಕೆ ಜನರನ್ನು ಮುಟ್ಟಿಸುವ ಒಂದು ಫೀಡರ್ ಬಸ್ ಬಿಟ್ಟರೆ ಕಡಬಗೆರೆ, ಸೀಗೇಹಳ್ಳಿ ಕಡೆಯ ಜನ ಮೂರನೇ ಹಂತಕ್ಕೆ ಕಾಯಬೇಕಾಗಿಲ್ಲ. ಇದು ಆಗಬೇಕಾದ ಕೆಲಸಗಳಲ್ಲಿ ಬಹಳ ಅಗ್ಗದ್ದು.

---

ಬ್ಯಾಡರಹಳ್ಳಿ_72

ಆ ಕಡೆ ಈಗ ಸೈಟಿನ ರೇಟು ಹೇಗಿದೆ ಸರ್? ನಮ್ಮ ಭಾವ ನೋಡುತ್ತಿದ್ದಾರೆ.

---

ಕೆಂಪೇಗೌಡ_ಲೇಔಟ್_ಸೈಟುದಾರ

ಅದಕ್ಕೆ ಬೇರೆ ಚರ್ಚೆ ತೆರೆಯಿರಿ, ಉತ್ತರ ಕೊಡುತ್ತೇನೆ.

---

ಟೂವೀಲರ್_ಟೋಲ್

ಅಡ್ಡದ ರಸ್ತೆ ಅಂದರೆ ನೈಸ್ ಇದೆಯಲ್ಲಾ, ಮಾಗಡಿ ರಸ್ತೆಗೆ ಜಂಕ್ಷನ್ನೂ ಇದೆ. ಆದರೆ ಬೈಕಿಗೂ ಟೋಲ್ ಕಟ್ಟಬೇಕು. ದಿನಾ ಹೋಗಿಬರುವವನಿಗೆ ಪೆಟ್ರೋಲ್ ಜೊತೆ ಅದೂ ಒಂದು ಹೊರೆ. ಹೊರಗಿನ ಪೆರಿಫೆರಲ್ ರಿಂಗ್ ರೋಡ್ ಅಂತ 73 ಕಿ.ಮೀ. ಮಾಡುತ್ತಾರಂತೆ, ಅದು ನಮಗೆ ಬರುತ್ತಾ?

---

ರಿಂಗ್‌ರೋಡ್_ಹಳಬ

ಬರಲ್ಲ. ಅದು ತುಮಕೂರು ರಸ್ತೆಯಿಂದ ಬಳ್ಳಾರಿ ರಸ್ತೆ, ಹಳೇ ಮದ್ರಾಸ್ ರಸ್ತೆ ಮೇಲೆ ಹೊಸೂರು ರಸ್ತೆಗೆ, ಅಂದರೆ ಊರಿನ ಉತ್ತರ ಮತ್ತು ಪೂರ್ವಕ್ಕೆ. ಪಶ್ಚಿಮದ ಪಾಲಿಗೆ ನೈಸ್ ಇದೆ ಅಂತ ಲೆಕ್ಕ. ಆ ಪೆರಿಫೆರಲ್ ರಿಂಗ್ ರೋಡೂ ಇಪ್ಪತ್ತು ವರ್ಷದ ಹಿಂದಿನ ಯೋಜನೆ. ಜಾಗ ಗುರುತು ಮಾಡಿಸಿಕೊಂಡ ರೈತರು ಮಾರೋಕೂ ಆಗದೆ, ಕಟ್ಟೋಕೂ ಆಗದೆ ವರ್ಷಗಟ್ಟಲೆ ಕೂತರು. ರಸ್ತೆ ಗೀಟು ಎಳೆದು ಬಿಟ್ಟುಬಿಡುವುದು ಜನರಿಗೆ ಮಾಡುವ ದೊಡ್ಡ ಅನ್ಯಾಯ. ಮೂರನೇ ಹಂತದಲ್ಲಿ ಹಾಗಾಗಬಾರದು.

---

ಡಿಗ್ರಿ_ಎರಡನೇ_ವರ್ಷ

ಮೆಟ್ರೋ ಬರುತ್ತೆ ಸರಿ, ದರ? 2025ರ ಫೆಬ್ರವರಿಯಲ್ಲಿ ಗರಿಷ್ಠ ದರ 60ರಿಂದ 90 ರೂಪಾಯಿಗೆ ಹೋಯಿತು. ನಮ್ಮಂಥ ವಿದ್ಯಾರ್ಥಿಗಳಿಗೆ ಬಸ್ ಪಾಸ್ ಇದೆ, ಮೆಟ್ರೋದಲ್ಲಿ ಅಂಥ ಪಾಸ್ ಇಲ್ಲ. ಬಸ್, ಮೆಟ್ರೋ ಎರಡಕ್ಕೂ ಒಂದೇ ವಿದ್ಯಾರ್ಥಿ ಪಾಸ್ ಕೊಡಿ ಅಂತ ಸೇರಿಸಿ ಪ್ಲೀಸ್.

---

ಸಿವಿಲ್_ಸೈಟ್

ದರ ಇನ್ನೊಂದು ಹೋರಾಟ. ಒಂದೇ ಮನವಿಯಲ್ಲಿ ಎಲ್ಲಾ ತುರುಕಿದರೆ ಯಾವುದೂ ಆಗಲ್ಲ.

---

ಗಾರ್ಮೆಂಟ್ಸ್_ಅಕ್ಕ

ಯಾಕೆ ಸೇರಿಸಬಾರದು? ದುಡ್ಡು ಕೊಡೋಕೆ ಆಗದಿದ್ದರೆ ಲಿಫ್ಟ್ ಇದ್ದರೇನು, ಎಸ್ಕಲೇಟರ್ ಇದ್ದರೇನು. ಹುಡುಗ ಕೇಳಿದ್ದು ನ್ಯಾಯವಾಗಿದೆ.

---

ಖಾಕಿ_ಶರ್ಟು

ನಾನು ಬಸ್ಸಿನಲ್ಲೇ ಕೆಲಸ ಮಾಡಿ ನಿವೃತ್ತನಾದವನು. ಎರಡು ಮಾತು ಹೇಳುತ್ತೇನೆ.

ಬಸ್ ಅಂಚಿಗೆ ಯಾಕೆ ಬರಲ್ಲ ಅಂತ ಅಕ್ಕ ಹೇಳಿದರು. ಅಂಚಿಗೆ ಬಂದರೆ ಮತ್ತೆ ರಸ್ತೆಗೆ ಸೇರೋಕೆ ಯಾರೂ ದಾರಿ ಬಿಡಲ್ಲ. ಟೈಮಿಗೆ ಟ್ರಿಪ್ ಮುಗಿಸಬೇಕು ಅನ್ನುವ ಒತ್ತಡ ಬೇರೆ. ಆದ್ದರಿಂದ ಬಸ್ ಬೇ ಅಂತ ಒಳಗೆ ಗುಂಡಿ ಹಾಗೆ ಕೊರೆಯಬೇಡಿ. ಅದರ ಬದಲು ಫುಟ್‌ಪಾತನ್ನೇ ಬಸ್ ಲೇನಿನವರೆಗೆ ಮುಂದಕ್ಕೆ ತನ್ನಿ. ಬಸ್ ಇದ್ದಲ್ಲೇ ನಿಲ್ಲಲಿ, ಜನ ಅಲ್ಲಿಗೇ ಬಂದು ಹತ್ತಲಿ. ಎಡಗಡೆ ಸಂದಿಯೇ ಇಲ್ಲದಿದ್ದರೆ ಬೈಕಿನವರು ನುಗ್ಗುವುದೂ ನಿಲ್ಲುತ್ತೆ.

ಇನ್ನೊಂದು, ಬಸ್ ತಿರುಗುವ ಜಾಗ. ಫೀಡರ್ ಬೇಕು ಅಂತ ಎಲ್ಲರೂ ಬರೆಯುತ್ತಾರೆ. ಆ ಬಸ್ ಎಲ್ಲಿ ನಿಲ್ಲಬೇಕು, ಎಲ್ಲಿ ತಿರುಗಬೇಕು? ಕಡಬಗೆರೆ ಕೊನೆಯ ನಿಲ್ದಾಣ. ಮಾಗಡಿ, ತಾವರೆಕೆರೆಯಿಂದ ಬರುವವರು ಅಲ್ಲೇ ಇಳಿದು ಮೆಟ್ರೋ ಹತ್ತುವವರು. ಅಲ್ಲಿ ಬಸ್ ನಿಲ್ದಾಣಕ್ಕೆ ಅಂತಲೇ ಒಂದೆರಡು ಎಕರೆ ಈಗಲೇ ತೆಗೆದಿಡದಿದ್ದರೆ, ಮೆಟ್ರೋ ಬರುವ ಹೊತ್ತಿಗೆ ಅಲ್ಲಿ ಅಪಾರ್ಟ್‌ಮೆಂಟ್ ಎದ್ದಿರುತ್ತೆ. ಚಾಲಕರಿಗೆ, ನಿರ್ವಾಹಕರಿಗೆ ಶೌಚಾಲಯವನ್ನೂ ಅದರಲ್ಲೇ ಕೇಳಿ. ಆ ಕಷ್ಟ ಅನುಭವಿಸಿದವರಿಗೆ ಗೊತ್ತು, ಅದರಲ್ಲೂ ಮಹಿಳಾ ಸಿಬ್ಬಂದಿಗೆ.

---

ಮಾಗಡಿ_ಕಡೆಯವ

ಈ ಮಾತು ನನಗೆ ಬಹಳ ಹಿಡಿಸಿತು ಸರ್. ಕಡಬಗೆರೆಯಲ್ಲಿ ಬಸ್ಸಿನಿಂದ ಇಳಿದು ಮಳೆಯಲ್ಲಿ ನೆನೆಯದೆ ರೈಲು ಹತ್ತುವ ಹಾಗಿದ್ದರೆ ನಮ್ಮ ಕಡೆಯ ಅರ್ಧ ಜನ ಬೈಕನ್ನು ಊರಲ್ಲೇ ಬಿಟ್ಟು ಬರುತ್ತಾರೆ. ಬೈಕ್ ತರುವವರಿಗೆ ಅಲ್ಲೇ ದೊಡ್ಡ ಪಾರ್ಕಿಂಗ್ ಕೂಡ ಬೇಕು. ಮೇಲ್ಸೇತುವೆ ಬೇಕು ಅನ್ನುವ ಮಾತನ್ನು ನಾನು ಬಿಟ್ಟಿಲ್ಲ. ಲಾರಿ, ಟೆಂಪೋ ಮೆಟ್ರೋ ಹತ್ತಲ್ಲ.

---

ರಿಂಗ್‌ರೋಡ್_ಹಳಬ

ಲಾರಿ ಅಂದ ಮೇಲೆ ಇದನ್ನೂ ಕೇಳಿ. ಪೀಣ್ಯ ಮೇಲ್ಸೇತುವೆಯ ಕೇಬಲ್‌ಗಳಲ್ಲಿ ದೋಷ ಕಂಡು 2021ರ ಡಿಸೆಂಬರ್‌ನಲ್ಲಿ ಮುಚ್ಚಿದರು. ಸಣ್ಣ ವಾಹನಕ್ಕೆ ಬೇಗ ಬಿಟ್ಟರೂ ಭಾರಿ ವಾಹನಕ್ಕೆ ಮತ್ತೆ ಬಿಟ್ಟದ್ದು 2024ರ ಜುಲೈನಲ್ಲಿ. ಅಷ್ಟೂ ಕಾಲ ಲಾರಿ, ಬಸ್ಸೆಲ್ಲಾ ಕೆಳಗಿನ ರಸ್ತೆಯಲ್ಲೇ. ನಮ್ಮ ಸುಮನಹಳ್ಳಿ ಮೇಲ್ಸೇತುವೆಯಲ್ಲೂ 2019ರಲ್ಲಿ ಕಂಬಿ ಕಾಣುವಷ್ಟು ತೂತು ಬಿದ್ದಿತ್ತು, ನೆನಪಿದೆಯಾ? ಮೇಲಿನದು ಕೈಕೊಟ್ಟಾಗ ಕೆಳಗಿನ ರಸ್ತೆಯೇ ಗತಿ. ಅದನ್ನು ಸಣ್ಣ ಮಾಡಬೇಡಿ ಅಂತ ನಾನು ಹಟ ಹಿಡಿಯುವುದು ಇದಕ್ಕೇ.

---

ಕಾರು_ಬೈಕು_ಎರಡೂ

ಇದಕ್ಕೆ ನನ್ನ ತಕರಾರಿಲ್ಲ. ಕೆಳಗೆ ಇಷ್ಟು ಅಡಿ ರಸ್ತೆ, ಇಷ್ಟು ಅಡಿ ಫುಟ್‌ಪಾತ್ ಉಳಿಯಲೇಬೇಕು ಅಂತ ಬರೆದು, ಅದು ಸಿಗುವ ಕಡೆ ಮಾತ್ರ ರ್ಯಾಂಪ್ ಇಳಿಸಿ ಅನ್ನೋಣ.

---

ಅಜ್ಜಿ_ಮನೆ_ಕಾಮತ್_ಲೇಔಟ್

ರಸ್ತೆ ದಾಟುವುದರ ಬಗ್ಗೆ ಯಾರೂ ಜಾಸ್ತಿ ಹೇಳಲಿಲ್ಲ. ಸ್ಕೈವಾಕ್ ಕೊಟ್ಟು ಕೈ ತೊಳೆದುಕೊಳ್ಳಬೇಡಿ. ನನಗೆ 68 ವರ್ಷ. ಎದುರಿನ ಮೆಡಿಕಲ್ ಶಾಪಿಗೆ ಹೋಗೋಕೆ ಎರಡು ಮಹಡಿ ಹತ್ತಿ ಇಳಿಯೋಕೆ ಆಗಲ್ಲ. ಜನ ದಾಟುವ ಜಾಗದಲ್ಲಿ ನೆಲದಲ್ಲೇ ಸಿಗ್ನಲ್ ಬೇಕು. ರಸ್ತೆ ಮಧ್ಯೆ ನಿಂತು ಉಸಿರು ತೆಗೆದುಕೊಳ್ಳುವಷ್ಟು ಅಗಲದ ಮೀಡಿಯನ್ ಬೇಕು. ಪಿಲ್ಲರ್ ಪಕ್ಕದಲ್ಲಿ ಅದಕ್ಕೆ ಜಾಗ ಸಿಗುತ್ತೆ, ಅಲ್ವಾ ಸಿವಿಲ್ ಸರ್?

---

ಸಿವಿಲ್_ಸೈಟ್

ಸಿಗುತ್ತೆ ಅಮ್ಮ. ಪಿಲ್ಲರ್ ಸಾಲಿಗೆ ಹೇಗೂ ಮೀಡಿಯನ್ ಅಗಲ ಬೇಕೇ ಬೇಕು. ದಾಟುವ ಕಡೆ ಅದನ್ನು ಕತ್ತರಿಸಿ ಸಮತಟ್ಟು ಮಾಡಿದರೆ ಸಾಕು, ವೀಲ್‌ಚೇರೂ ಹೋಗುತ್ತೆ.

---

ಮನೆ_ಮುಂದೆ_ಮೋರಿ

ಮನವಿ ಯಾರಿಗೆ ಕೊಡುತ್ತೀರಿ? ಮೆಟ್ರೋ ನಿಗಮಕ್ಕೆ ಕೊಟ್ಟರೆ ಬಸ್ ನಮ್ಮದಲ್ಲ ಅಂತಾರೆ, ಬಸ್ಸಿನವರು ಫುಟ್‌ಪಾತ್ ನಮ್ಮದಲ್ಲ ಅಂತಾರೆ. ಮಾಚೋಹಳ್ಳಿ ಕಡೆ ಹೋದರೆ ಪಂಚಾಯಿತಿ. ಇವರೆಲ್ಲರನ್ನೂ ಒಂದೇ ಮೇಜಿಗೆ ತರೋಕೆ ಅಂತಲೇ ಬೆಂಗಳೂರು ಮಹಾನಗರ ಭೂ ಸಾರಿಗೆ ಪ್ರಾಧಿಕಾರದ ಕಾಯ್ದೆ 2022ರಲ್ಲಿ ಆಗಿದೆ. ಅಲ್ಲಿಗೂ ಒಂದು ಪ್ರತಿ ಹೋಗಲಿ, ಮತ್ತೆ ಶಾಸಕರಿಗೂ.

---

ಹೇರೋಹಳ್ಳಿ_ನಿವಾಸಿ

ಎಲ್ಲರಿಗೂ ಒಂದೇ ಮನವಿ, ಎಲ್ಲರ ಹೆಸರೂ ಮೇಲೆಯೇ ಇರುತ್ತೆ. ಯಾರಿಗೆ ಯಾವ ಕೆಲಸ ಅಂತ ಪಕ್ಕದಲ್ಲೇ ಬರೆಯುತ್ತೇನೆ. ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಿ ಶುರುವಾದಾಗ ಮೂರೇ ರೈಲು, 25 ನಿಮಿಷಕ್ಕೊಂದು. ನಮ್ಮ ಮಾರ್ಗಕ್ಕೆ ಹಳಿಯ ಜೊತೆಗೇ ರೈಲುಗಳನ್ನೂ ಆರ್ಡರ್ ಮಾಡಿ ಅಂತ ಇದನ್ನೂ ಸೇರಿಸುತ್ತಿದ್ದೇನೆ. ವಿದ್ಯಾರ್ಥಿ ಪಾಸ್ ಕೂಡ ಇರುತ್ತೆ.

ಈಗ ಜಾಗದ ಹೆಸರುಗಳು ಬೇಕು. ಯಾವ ಕ್ರಾಸಿನಲ್ಲಿ ಜನ ದಾಟುತ್ತಾರೆ, ಯಾವ ಸ್ಟಾಪಿನಲ್ಲಿ ಎಷ್ಟು ಇಕ್ಕಟ್ಟು, ಎಲ್ಲಿ ಶಾಲೆ ಇದೆ, ಎಲ್ಲಿ ಮಳೆನೀರು ನಿಲ್ಲುತ್ತೆ. ಫೋಟೋ ಇದ್ದರೆ ಹಾಕಿ, ಬೆಳಗ್ಗೆ ಎಂಟರಿಂದ ಒಂಬತ್ತರೊಳಗೆ ತೆಗೆದದ್ದಾದರೆ ಒಳ್ಳೆಯದು.

---

ಗಾರ್ಮೆಂಟ್ಸ್_ಅಕ್ಕ

ಶಿಫ್ಟ್ ಬಸ್ಸಿಗೆ ಜಾಸ್ತಿ ಜನ ಸೇರುವುದು ಸುಂಕದಕಟ್ಟೆ, ಹೇರೋಹಳ್ಳಿ ಕ್ರಾಸ್, ಆಮೇಲೆ ಗೊಲ್ಲರಹಟ್ಟಿ. ಚಪ್ಪಡಿ ಫೋಟೋ ನಾಳೆ ತೆಗೆದು ಹಾಕುತ್ತೇನೆ. ಸಹಿಗೆ ಹಾಳೆ ಕೊಡಿ ಅಣ್ಣ, ಊಟದ ಹೊತ್ತಿನಲ್ಲಿ ನಮ್ಮ ಫ್ಲೋರಿನವರ ಹತ್ತಿರ ಹಾಕಿಸಿಕೊಂಡು ಬರುತ್ತೇನೆ.

---

ಡಿಗ್ರಿ_ಎರಡನೇ_ವರ್ಷ

ನಾನು ಮತ್ತು ನನ್ನ ಫ್ರೆಂಡ್ಸ್ ಸುಮನಹಳ್ಳಿಯಿಂದ ಬ್ಯಾಡರಹಳ್ಳಿವರೆಗೆ ಎರಡೂ ಬದಿ ನಡೆದು ಮ್ಯಾಪಿನಲ್ಲಿ ಗುರುತು ಹಾಕುತ್ತೇವೆ. ಬ್ಯಾಡರಹಳ್ಳಿಯಿಂದ ಕಡಬಗೆರೆವರೆಗೆ ಯಾರಾದರೂ ವಹಿಸಿಕೊಳ್ಳಿ.

---

ಮಾಗಡಿ_ಕಡೆಯವ

ಅದು ನನಗಿರಲಿ. ಖಾಕಿ ಶರ್ಟು ಸರ್ ಜೊತೆಗೆ ಬಂದರೆ ಬಸ್ ನಿಲ್ದಾಣಕ್ಕೆ ಯಾವ ಜಾಗ ಆಗಬಹುದು ಅಂತ ಅಲ್ಲೇ ನೋಡಿಬಿಡೋಣ.

---

ಖಾಕಿ_ಶರ್ಟು

ಬರುತ್ತೇನೆ. ಉದ್ದದ ಟೇಪ್ ತನ್ನಿ. ಬಸ್ ತಿರುಗೋಕೆ ಎಷ್ಟು ಅಗಲ ಬೇಕು ಅಂತ ಅಳೆದೇ ಬರೆಯೋಣ.